ಹೊಟ್ಟೆ ಒಣಗಿಸಿದ ಬೇಸಿಗೆ

ನನಗೆ ಆಗ ಅರವತ್ಮೂರು ವಯಸ್ಸು. ಆರು ವರ್ಷದ ಹಿಂದಿನ ಮಾತು. ಮೊನ್ನೆ ಮೊಮ್ಮಗಳು ಗೌರಿ ಶಾಲೆಯಿಂದ ಬಂದವಳೇ ಎರಡು ಸಲ ವಾಂತಿ ಮಾಡಿಕೊಂಡಳು. ದೊಡ್ಡದೇನಲ್ಲ, ಗೇಟಿನ ಹೊರಗೆ ಪಾನಿಪೂರಿ ತಿಂದಿದ್ದಳು. ನಾನು ಕಪಾಟಿನಿಂದ ಉಪ್ಪು-ಸಕ್ಕರೆ ಪುಡಿಯ ಪೊಟ್ಟಣ ತೆಗೆದು ಹಲ್ಲಿನಿಂದ ಹರಿದೆ. ಆ ಪುಡಿಗೆ ಕಿತ್ತಳೆಯ ವಾಸನೆ ಇರುತ್ತದೆ, ಕಿತ್ತಳೆ ಮಾತ್ರ ಇರುವುದಿಲ್ಲ. ಅದು ಮೂಗಿಗೆ ಬಡಿದದ್ದೇ ಆ ಬೇಸಿಗೆ ಪೂರಾ ಕಣ್ಣ ಮುಂದೆ ಬಂತು.

ನಾವು ಸೇಡಂ ಕಡೆಯವರು. ಮಗ ಮಲ್ಲಣ್ಣ ತೆಲುಗರ ದೊಡ್ಡ ಶಹರದಲ್ಲಿ, ಮಿಯಾಪುರದ ಕಡೆ ಏಳುವ ಅಪಾರ್ಟ್‌ಮೆಂಟುಗಳಿಗೆ ನೀರಿನ ಪೈಪು ಜೋಡಿಸುವ ಕೆಲಸ ಮಾಡುತ್ತಾನೆ. ಸೊಸೆ ಸುನಂದಾ ಹಿಮಾಯತ್‌ನಗರದ ಒಂದು ಸೀರೆ ಅಂಗಡಿಯಲ್ಲಿ ಇದ್ದಳು. ದಿನಾ ಮೆಟ್ರೊ ಹತ್ತಿ, ಇಳಿದು ಆಟೋ ಹಿಡಿದು ಹೋಗುತ್ತಿದ್ದಳು. ಗೌರಿಗೆ ಆರು ತಿಂಗಳಾದಾಗ ಅವಳು ಕೆಲಸಕ್ಕೆ ಮರಳಬೇಕಾಯಿತು. ಕೂಸು ನೋಡಿಕೊಳ್ಳಲು ನನ್ನನ್ನು ಊರಿನಿಂದ ಕರೆಸಿಕೊಂಡರು. ಎರಡು ಕೋಣೆಯ ಮನೆ, ಮಹಡಿಯ ಮೇಲೆ, ತಲೆಯ ಮೇಲೆ ತಗಡು. ಕೆಳಗಿನ ಮನೆಯಲ್ಲಿ ಜೈತೂನ್‌ಬಿ. ಕಲಬುರ್ಗಿಯವಳು, ನನ್ನ ವಾರಿಗೆಯವಳು. ಇಡೀ ಗಲ್ಲಿಯಲ್ಲಿ ನನ್ನ ಜೊತೆ ಕನ್ನಡದಲ್ಲಿ ಜಗಳ ಆಡಬಲ್ಲವಳು ಅವಳೊಬ್ಬಳೇ.

ಗೌರಿ ಹುಟ್ಟಿದಾಗ ಎಡಗೆನ್ನೆಯ ಮೇಲೆ ತೆಳ್ಳಗೆ ಒಂದು ಕೆಂಪು ಇತ್ತು, ಯಾರೋ ಚಿವುಟಿದ ಹಾಗೆ. ತಿಂಗಳೊಳಗೆ ಅದು ಉಬ್ಬಿ, ಹಣೆಯಿಂದ ಕಿವಿಯ ತನಕ ಹರಡಿ, ಹಣ್ಣಾದ ಟೊಮೆಟೊದ ಬಣ್ಣಕ್ಕೆ ಬಂತು. ನೋಡಿದವರೆಲ್ಲ ಒಂದೊಂದು ಕಾರಣ ಕೊಟ್ಟು ಹೋದರು. ಒಬ್ಬಳು ಗ್ರಹಣ ಎಂದಳು. ಇನ್ನೊಬ್ಬಳು, ಬಸುರಿದ್ದಾಗ ಸುನಂದಾ ಬೀಟ್‌ರೂಟ್ ಬಹಳ ತಿಂದಿರಬೇಕು ಎಂದಳು.

"ಹಂಗಾದ್ರ ನಾ ಬಸುರಿದ್ದಾಗ ಬರೇ ಬದನಿಕಾಯಿ ತಿಂದೀನಿ. ನಮ್ಮ ಮಲ್ಲಣ್ಣ ನೀಲಿ ಹುಟ್ಟಬೇಕಾಗಿತ್ತಲ್ಲ" ಎಂದೆ. ಅವಳು ಮತ್ತೆ ಬರಲಿಲ್ಲ.

ನಾಂಪಲ್ಲಿ ಕಡೆಯ ದೊಡ್ಡ ಮಕ್ಕಳ ದವಾಖಾನೆಯಲ್ಲಿ ತೋರಿಸಿದರು. ಅಲ್ಲಿಯ ಡಾಕ್ಟರಮ್ಮ ಕೂಸನ್ನು ಮಲಗಿಸಿ ತಲೆಯ ಫೋಟೋ ತೆಗೆಸಿದರು. ಕಾಯಿಲೆಗೆ ಇಂಗ್ಲಿಷಿನಲ್ಲಿ ಒಂದು ಹೆಸರಿತ್ತು. ಬಹಳ ಅಪರೂಪದ್ದು, ಹುಟ್ಟುವಾಗಲೇ ಬರುವಂಥದ್ದು, ಯಾರ ತಪ್ಪೂ ಅಲ್ಲ ಎಂದರಂತೆ. ಅಂದು ನಾನು ಹೋಗಿರಲಿಲ್ಲ. ಸಂಜೆ ಮನೆಗೆ ಬಂದ ಮಲ್ಲಣ್ಣ ನನ್ನನ್ನು ಕೂರಿಸಿಕೊಂಡು ತನ್ನ ಭಾಷೆಯಲ್ಲಿ ತಿಳಿಸಿ ಹೇಳಿದ.

"ಯವ್ವಾ, ಮಾರಿ ಮ್ಯಾಲಿನ ಕೆಂಪು ದೊಡ್ಡದಲ್ಲ. ಅದು ಔಷಧಕ್ಕ ಇಳೀತೈತಿ. ಒಳಗ ನೋಡು, ಎಡಕ್ಕ, ಕುತ್ತಿಗಿಂದ ತಲಿಗೆ ರಕ್ತ ಒಯ್ಯೋ ಪೈಪ್ ಐತಲ್ಲ, ಅರ್ಧ ಇಂಚಿಂದು ಇರಬೇಕಾದಲ್ಲಿ ಕಾಲು ಇಂಚಿಂದು ಐತಿ. ಟ್ಯಾಂಕ್ ತುಂಬಿತ್ತಂದ್ರ ನೀರು ಮ್ಯಾಲಿನ ತನಕ ಏರತೈತಿ. ಟ್ಯಾಂಕ್ ಇಳೀತಂದ್ರ ಮ್ಯಾಲಿನ ಮನಿಗೆ ಪ್ರೆಷರ್ ಬರಂಗಿಲ್ಲ."

"ಬರಲಿಲ್ಲಂದ್ರ?"

"ಲಕ್ವ ಹೊಡೀತೈತಿ. ಕೈ ಹೋಗಬಹುದು, ಕಾಲು ಹೋಗಬಹುದು, ಮಾತು ಹೋಗಬಹುದು."

ಲಕ್ವ ಮುದುಕರಿಗೆ ಹೊಡೆಯುವುದು ಎಂದು ತಿಳಿದಿದ್ದೆ. ಹಲ್ಲು ಬಾರದ ಕೂಸಿಗೂ ಹೊಡೆಯುತ್ತದೆ ಎಂದು ಅಂದೇ ಕೇಳಿದ್ದು.

ದಿನಕ್ಕೆ ಮೂರು ಸಲ ಔಷಧ. ಗುಳಿಗೆಯನ್ನು ಅರೆದು, ಕಾಯಿಸಿ ಆರಿಸಿದ ನೀರಲ್ಲಿ ಕಲಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಎಳೆದು ಬಾಯಿಗೆ ಬಿಡಬೇಕು. ನನ್ನ ಓದು ಎರಡನೇ ಇಯತ್ತೆ. ಒಂದು ಎರಡು ಓದುತ್ತೇನೆ, ಅದರ ನಡುವಿನ ಸಣ್ಣ ಗೀಟುಗಳು ನನಗೆ ತಿಳಿಯುವುದಿಲ್ಲ. ಸುನಂದಾ ಉಗುರುಬಣ್ಣದಿಂದ ಸಿರಿಂಜಿನ ಮೇಲೆ ಒಂದು ಗೆರೆ ಎಳೆದುಕೊಟ್ಟಳು. ಅಲ್ಲಿಗೆ ನಿಲ್ಲಿಸಬೇಕು. ಮೊದಲು ಹಾಲು, ಆಮೇಲೆ ಔಷಧ. ಖಾಲಿ ಹೊಟ್ಟೆಗೆ ಕೊಡಲೇಬಾರದು, ರಕ್ತದ ಸಕ್ಕರೆ ಇಳಿಯುತ್ತದಂತೆ. ಇದನ್ನು ಅವಳು ನನ್ನ ಬಾಯಿಂದ ನಾಲ್ಕು ಸಲ ಹೇಳಿಸಿದಳು. ನನಗೆ ಸಿಟ್ಟು ಬಂತು. ನಾಲ್ಕು ಹೆತ್ತವಳಿಗೆ ಹೇಳಿಕೊಡುತ್ತಾಳಲ್ಲ ಎಂದು.

ಔಷಧ ಒಂದು ಹೊತ್ತೂ ತಪ್ಪಿಸಲಿಲ್ಲ. ಗೆರೆ ದಾಟಲಿಲ್ಲ. ಯುಗಾದಿಯ ಹೊತ್ತಿಗೆ ಗೌರಿಯ ಕೆನ್ನೆ ಅರ್ಧ ಇಳಿದಿತ್ತು. ಒಂಬತ್ತು ತಿಂಗಳ ಕೂಸು ಮುಂಜಾನೆ ನನ್ನ ಎದುರು ಕುಳಿತು, ಬಿಸಿ ರೊಟ್ಟಿಯ ಅಂಚನ್ನು ಬಲಗೈಯಲ್ಲಿ ಕಸಿದುಕೊಂಡು ಚೀಪುತ್ತಿತ್ತು.

ಹಬ್ಬ ಕಳೆದು ಹತ್ತು ಹನ್ನೆರಡು ದಿನವಾಗಿರಬೇಕು. ಬಿಸಿಲಿಗೆ ತಗಡು ಟಣ್ ಟಣ್ ಎಂದು ಸದ್ದು ಮಾಡುವ ದಿನಗಳು. ಹಿಂದಿನ ಸಂಜೆಯಿಂದ ಕೂಸಿಗೆ ಭೇದಿ ಶುರುವಾಗಿತ್ತು. ಮುಂಜಾನೆ ಸುನಂದಾ ಎದೆಹಾಲು ಕುಡಿಸಿ, ಅಂಗಡಿಗೆ ಹೊರಡುವಾಗ ಆ ಪುಡಿಯ ಪೊಟ್ಟಣ ನನ್ನ ಕೈಗೆ ಕೊಟ್ಟಳು.

"ಅತ್ತಿ, ಒಂದು ಲೀಟರ್ ನೀರಿಗೆ ಇದನ್ನ ಪೂರಾ ಹಾಕ್ರಿ. ಚಮಚದಲೆ ಕುಡಿಸ್ತಾ ಇರ್ರಿ. ಹಾಲು ಬಿಡಸಬ್ಯಾಡ್ರಿ. ಮತ್ತ ಭೇದಿ ಹೆಚ್ಚಾತಂದ್ರ ಫೋನ್ ಮಾಡ್ರಿ, ಬರ್ತೀನಿ."

"ಹೂಂ" ಎಂದೆ.

ಹೂಂ ಎಂದು ಪೊಟ್ಟಣವನ್ನು ಕಪಾಟಿನಲ್ಲಿ ಇಟ್ಟೆ. ನಮ್ಮ ಕಡೆ ಭೇದಿ ಹತ್ತಿದರೆ ಲಂಗಣ ಹಾಕುತ್ತಾರೆ. ನೀರಿಲ್ಲ, ಹಾಲಿಲ್ಲ. ಹೊಟ್ಟೆ ಒಣಗಿದರೆ ಭೇದಿ ತಾನೇ ನಿಲ್ಲುತ್ತದೆ. ನಮ್ಮ ಅತ್ತೆ ಮಾಡಿದ್ದು ಹಾಗೆ, ನಮ್ಮವ್ವ ಮಾಡಿದ್ದೂ ಹಾಗೆ. ಮಗ ಹೇಳಿದ ಪೈಪಿನ ಮಾತೂ ನನಗೆ ನೆನಪಿತ್ತು. ಮರೆತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಳಗಿನ ನಲ್ಲಿ ಸೋರುತ್ತಿದ್ದರೆ ಮಲ್ಲಣ್ಣನೇ ಮೊದಲು ಮಾಡುವುದೇನು? ಮೇಲಿನ ವಾಲ್ವ್ ಬಂದ್ ಮಾಡುತ್ತಾನೆ. ನಾನೂ ಬಂದ್ ಮಾಡಿದೆ. ಇಷ್ಟು ಬುದ್ಧಿ ನನಗೂ ಇದೆ ಎಂದುಕೊಂಡೆ.

ಮಧ್ಯಾಹ್ನದ ಔಷಧ ಮಾತ್ರ ಬಿಡಲಿಲ್ಲ. ಗೆರೆಯ ತನಕ ಎಳೆದು, ಖಾಲಿ ಹೊಟ್ಟೆಗೆ ಬಿಟ್ಟೆ. ಔಷಧವೇ ಮುಖ್ಯ, ಹಾಲು ಸಂಜೆಗೆ ಆದೀತು ಎಂದು.

ಕೂಸು ಮೊದಲು ಬಹಳ ಅತ್ತಿತು. ಆಮೇಲೆ ಸುಮ್ಮನಾಯಿತು. ಭೇದಿಯೂ ನಿಂತಿತು. ನೋಡಿದೆಯಾ, ನಿಂತಿತು ಎಂದು ಒಳಗೊಳಗೇ ಹಿಗ್ಗಿದೆ. ಮೂರೂವರೆಯ ಸುಮಾರಿಗೆ ಎಬ್ಬಿಸಿ, ಕೈಗೆ ಒಂದು ಚೂರು ರೊಟ್ಟಿ ಇಟ್ಟೆ. ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು. ಮಗ್ಗುಲಾಗಿ ಮಲಗಿ ಕೈ ಜೋಮು ಹಿಡಿದಿದೆ ಎಂದು ತಿಕ್ಕಿದೆ. ಎತ್ತಿ ಬಿಟ್ಟರೆ ಒದ್ದೆ ಬಟ್ಟೆಯ ಹಾಗೆ ತೊಡೆಯ ಮೇಲೆ ಬೀಳುತ್ತಿತ್ತು. ಬಾಯಿಯ ಬಲಮೂಲೆ ಕೆಳಗಿಳಿದಿತ್ತು.

ಕೂಸನ್ನು ಸೆರಗಲ್ಲಿ ಕಟ್ಟಿಕೊಂಡು ಮೆಟ್ಟಿಲಿಳಿದೆ. ಜೈತೂನ್‌ಬಿ ಅಕ್ಕಿ ಆರಿಸುತ್ತಿದ್ದವಳು ಮೊರ ಬಿಟ್ಟು ಎದ್ದಳು. ಫೋನ್ ಮಾಡಿದ್ದು ಅವಳೇ, ಮಲ್ಲಣ್ಣನಿಗೂ ಸುನಂದಾಗೂ.

"ಆಟೋ ಕರಿ" ಎಂದೆ.

"ಆಟೋ ನಕ್ಕೋ! ಕೂಕಟ್‌ಪಲ್ಲಿ ದಾಟೂದ್ರಾಗ ರಾತ್ರಿ ಆಗತೈತಿ. ನಡಿ, ಮೆಟ್ರೊದಾಗ ಹೋಗೂಣು."

ಚಪ್ಪಲಿ ಹಾಕಿಕೊಂಡದ್ದು ಅವಳು ಮಾತ್ರ. ಮೆಟ್ರೊದೊಳಗೆ ತಣ್ಣಗಿತ್ತು. ಒಬ್ಬ ಹುಡುಗಿ ಎದ್ದು ಜಾಗ ಕೊಟ್ಟಳು. ಎದುರಿನ ಹೆಂಗಸು ಕೂಸಿನ ಕೆನ್ನೆಯನ್ನೇ ನೋಡುತ್ತಿದ್ದಳು. ಬೇರೆ ದಿನವಾಗಿದ್ದರೆ ಏನು ಬಾಯಿ ಬಿಟ್ಟು ನೋಡುತ್ತಿ ಎಂದು ಕೇಳುತ್ತಿದ್ದೆ. ಜೈತೂನ್‌ಬಿ ಕೂಸಿನ ತುಟಿಯೊಳಗೆ ಬೆರಳಿಟ್ಟು ನೋಡಿದಳು.

"ನಾಲಿಗಿ ಒಣ ಕಟಿಗಿ ಆಗೇತಲ್ಲ ಮಾ. ನೀರು ಕುಡಿಸಿಯಿಲ್ಲೋ?"

ನಾನು ಕಿಟಕಿಯ ಹೊರಗೆ ನೋಡಿದೆ.

ದವಾಖಾನೆಯಲ್ಲಿ ಆ ಡಾಕ್ಟರಮ್ಮನೇ ಇದ್ದರು. ಅಷ್ಟರಲ್ಲಿ ಸುನಂದಾ, ಮಲ್ಲಣ್ಣ ಇಬ್ಬರೂ ಬಂದು ಮುಟ್ಟಿದರು. ನರ್ಸು ಬೆರಳು ಚುಚ್ಚಿ ಸಕ್ಕರೆ ನೋಡಿದಳು, ಕೈಗೆ ಸಲಾಯಿನ್ ಏರಿಸಲು ನರ ಹುಡುಕುತ್ತಿದ್ದಳು. ಡಾಕ್ಟರಮ್ಮ ಕೂಸಿನ ಹೊಟ್ಟೆಯ ಚರ್ಮ ಎಳೆದು ಬಿಟ್ಟು ನೋಡಿ, ತಿರುಗಿ ಕೇಳಿದರು.

"ಪಾಪಕಿ ನೀಳ್ಳು ಇಚ್ಚಾರಾ?"

ಮಗುವಿಗೆ ನೀರು ಕೊಟ್ಟಿರಾ ಎಂದು. ತೆಲುಗು ಸರಿಯಾಗಿ ಆಡಲು ಬಾರದು, ಕೇಳಿದರೆ ತಿಳಿಯುತ್ತದೆ.

ನಾನು ಬಾಯಿ ತೆರೆಯುವ ಮುಂಚೆ ಸುನಂದಾ ಹೇಳಿಬಿಟ್ಟಳು. ಮುಂಜಾನೆಯೇ ಪುಡಿಯ ಪೊಟ್ಟಣ ಕೊಟ್ಟು ಹೋಗಿದ್ದೇನೆ, ನಮ್ಮ ಅತ್ತೆ ಕುಡಿಸಿದ್ದಾರೆ, ಹಾಲೂ ಕುಡಿಸಿದ್ದಾರೆ, ಅವರು ಒಂದು ಹೊತ್ತೂ ತಪ್ಪಿಸುವವರಲ್ಲ ಎಂದು ತೆಲುಗಿನಲ್ಲಿ ಪಟಪಟನೆ ಹೇಳಿದಳು. ಡಾಕ್ಟರಮ್ಮನ ಮುಖ ಗಂಟಾಯಿತು. ಹಾಲು ನೀರು ಎಲ್ಲ ಹೋಗಿಯೂ ಹೀಗಾಗಿದ್ದರೆ ಇದು ಬೇರೆ ಏನೋ ಇರಬೇಕು, ಔಷಧವೇ ಕೂಸಿಗೆ ಆಗಿಬರುತ್ತಿಲ್ಲವೇನೋ ಎಂದು ಪಕ್ಕದ ಹುಡುಗ ಡಾಕ್ಟರಿಗೆ ಹೇಳತೊಡಗಿದರು.

ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಮಲ್ಲಣ್ಣ ನನ್ನ ಮುಖ ನೋಡಿದ. ಅವನಿಗೆ ತಿಳಿದುಹೋಗಿತ್ತು. ನನ್ನ ಕೈಯಲ್ಲಿ ಬೆಳೆದವನಲ್ಲವೇ, ಲಂಗಣ ಉಂಡವನು. ಕಣ್ಣಿನಲ್ಲೇ ಬೇಡ ಎಂದ.

"ಇವ್ವಲೇದು" ಎಂದೆ. ಕೊಟ್ಟಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ಮುಂದಿನದು ತೆಲುಗಿನಲ್ಲಿ ಬರಲಿಲ್ಲ, ಕನ್ನಡದಲ್ಲೇ ಹೇಳಿದೆ. "ಸುನಂದಾ ಹೇಳಿ ಹೋಗಿದ್ಲು. ನಾ ಹೂಂ ಅಂದೀನಿ. ಕೊಟ್ಟಿಲ್ಲ. ಹೊಟ್ಟಿ ಒಣಗಲಿ ಅಂತ ಮುಂಜಾನಿಂದ ಹನಿ ನೀರು ಹಾಕಿಲ್ಲ, ಹಾಲು ಹಾಕಿಲ್ಲ. ಔಷಧ ಒಂದು ಹಾಕೀನಿ. ಹೇಳೋ ಮಲ್ಲಣ್ಣ, ಡಾಕ್ಟರಮ್ಮಗ ಹೇಳು."

ಮಲ್ಲಣ್ಣ ಹೇಳಿದ. ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಬೈಯಲು ಅವರಿಗೆ ಪುರಸತ್ತಿರಲಿಲ್ಲ. ನರ್ಸಿಗೆ ಏನೇನೋ ಬದಲಿಸಿ ಹೇಳಿದರು, ಸಲಾಯಿನ್ ಜೋರಾಗಿ ಹನಿಯತೊಡಗಿತು. ಸುನಂದಾ ಮಾತ್ರ ಮಂಚದ ಆ ಕಡೆ ಹೋಗಿ, ನನಗೆ ಬೆನ್ನು ಮಾಡಿ ಕುಳಿತಳು.

ಆ ಹೊತ್ತಿನಲ್ಲಿ ನನಗೆ ಇನ್ನೊಂದು ಕೂಸು ನೆನಪಾಯಿತು. ನಾನು ಹೆತ್ತ ನಾಲ್ಕರಲ್ಲಿ ಉಳಿದವರು ಮೂವರು. ಎರಡನೆಯದು, ಹೆಣ್ಣು, ಹತ್ತು ತಿಂಗಳಿದ್ದಾಗ ಹೀಗೇ ಭೇದಿ ಹತ್ತಿ ಹೀಗೇ ಬೇಸಿಗೆಯಲ್ಲಿ ಹೋಯಿತು. ಬಿಸಿಲು ಹೊಡೆಯಿತು ಎಂದರು. ನಾನೂ ಅಷ್ಟು ವರ್ಷ ಹಾಗೇ ಹೇಳಿಕೊಂಡು ಬಂದೆ. ಅದಕ್ಕೂ ಲಂಗಣ ಹಾಕಿದ್ದೆವು. ಅದಕ್ಕೆ ಪೈಪೆಲ್ಲ ಸರಿಯಾಗಿಯೇ ಇದ್ದವು. ಈ ಮಾತು ಇಷ್ಟಕ್ಕೆ ಸಾಕು.

ಒಂಬತ್ತು ದಿನ ದವಾಖಾನೆಯಲ್ಲಿದ್ದೆವು. ಎರಡನೇ ದಿನ ನರ್ಸು ಪುಡಿಯ ನೀರು ಕಲಸಿ ಕೊಟ್ಟಾಗಲೇ ನಾನು ಆ ಕಿತ್ತಳೆ ವಾಸನೆ ಮೊದಲ ಸಲ ನೋಡಿದ್ದು. ತಲೆಯ ಫೋಟೋ ಮತ್ತೆ ತೆಗೆದರು. ಎಡಗಡೆ ಒಂದು ಸಣ್ಣ ಜಾಗಕ್ಕೆ ರಕ್ತ ಸಾಲದೆ ಪೆಟ್ಟಾಗಿದೆ ಎಂದರು. ಕೂಸು ಸಣ್ಣದು, ಕೈ ಮರಳಬಹುದು, ಮರಳುತ್ತದೆ ಎಂದು ಬರೆದುಕೊಡಲಾರೆ ಎಂದರು. ಹಳೆಯ ಔಷಧ ಅರ್ಧಕ್ಕೆ ಇಳಿಸಿ, ರಕ್ತ ಗಟ್ಟಿಯಾಗದಂತೆ ಬಿಳಿ ಗುಳಿಗೆಯ ಒಂದು ಚೂರು ಸೇರಿಸಿದರು.

ಮನೆಗೆ ಬಂದ ಮೇಲೆ ಸುನಂದಾ ಅಂಗಡಿ ಬಿಟ್ಟಳು. ಮಲ್ಲಣ್ಣ ಒಂದು ದಿನ ನೆಲ ನೋಡುತ್ತ, "ಯವ್ವಾ, ಊರಿಗೆ ಬಿಟ್ಟು ಬರ್ಲೇನು?" ಎಂದ.

"ಬಿಟ್ಟು ಬಾ. ಆದ್ರ ಆ ಕೈ ಏಳೂದು ನೋಡಿ ಹೋಗತೀನಿ. ಏಳಲಿಲ್ಲಂದ್ರ ಅದನ್ನೂ ನೋಡೇ ಹೋಗತೀನಿ."

ಸುನಂದಾ ನನ್ನ ಜೊತೆ ಮಾತು ಬಿಟ್ಟಿದ್ದಳು. ಊಟಕ್ಕೆ ಕರೆಯಬೇಕಾದರೆ ಕೂಸಿಗೆ ಹೇಳುತ್ತಿದ್ದಳು. "ಗೌರವ್ವ, ನಿಮ್ಮ ಆಯಿಗೆ ಹೇಳು, ಸಾರು ಆರಾಕತ್ತೈತಿ ಅಂತ." ನಾನೂ ಕೂಸಿಗೇ ಹೇಳುತ್ತಿದ್ದೆ. "ಗೌರವ್ವ, ನಿಮ್ಮವ್ವಗ ಹೇಳು, ಉಪ್ಪು ಕಡಿಮಿ ಐತಿ ಅಂತ." ಪಾಪ, ಮಾತೇ ಬಾರದ ಕೂಸು ಇಬ್ಬರ ನಡುವೆ ವಕೀಲಿ ಮಾಡಿತು.

ಕೈಯ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ದವಾಖಾನೆಯಲ್ಲಿದ್ದಳು. ಅವಳು ಹೇಳಿದ್ದು ಇಷ್ಟೇ. ಒಳ್ಳೆಯ ಕೈ ಇದ್ದರೆ ಕೂಸು ಅದನ್ನೇ ಬಳಸುತ್ತದೆ, ಆದ್ದರಿಂದ ದಿನಕ್ಕೆ ಸ್ವಲ್ಪ ಹೊತ್ತು ಎಡಗೈಗೆ ಕಾಲುಚೀಲ ತೊಡಿಸಿ ಕೂರಿಸಿ, ಬಲಗೈಗೆ ಕೆಲಸ ಕೊಡಿ. ಸುನಂದಾ ಬಣ್ಣದ ಗಿಲಕಿ ತಂದಳು, ಚೆಂಡು ತಂದಳು. ಕಾಲುಚೀಲ ಹಾಕಿದ ಕೂಡಲೇ ಗೌರಿ ಕಿರುಚುತ್ತಿದ್ದಳು. ಗಿಲಕಿ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾಲ್ಕು ದಿನ ಹೀಗೇ ಆಯಿತು. ಐದನೇ ದಿನ ಸುನಂದಾ ಕಾಲುಚೀಲ ಬಿಸಾಕಿ ಒಳಕೋಣೆಗೆ ಹೋದಳು.

ನಾನು ರೊಟ್ಟಿ ಬಡಿಯುತ್ತಿದ್ದೆ. ಜೋಳದ ಹಿಟ್ಟು ಬೆಚ್ಚಗಿತ್ತು. ಕಾಲುಚೀಲ ಎತ್ತಿ ತೊಡಿಸಿ, ಕೂಸನ್ನು ಹಿಟ್ಟು ನಾದುವ ಕೊಣಮಿಗೆಯ ಎದುರು ಕೂರಿಸಿಕೊಂಡು, ಒಂದು ನಿಂಬೆಹಣ್ಣಿನಷ್ಟು ಹಿಟ್ಟು ಮುಂದಿಟ್ಟು, ಅದರ ಬಲಗೈಯನ್ನು ಮೇಲೆ ಇಟ್ಟೆ. ನಾನು ಒಮ್ಮೆ ಬಡಿದೆ, ಅದರ ಕೈ ಹಿಡಿದು ಒಮ್ಮೆ ಬಡಿಸಿದೆ. ಹಿಟ್ಟು ಕೈಗೆ ಅಂಟಿತು. ಅಂಟಿದ್ದನ್ನು ನೋಡಿ ಕೂಸು ಅಳು ನಿಲ್ಲಿಸಿತು. ಗಿಲಕಿ ಕೈಯಿಂದ ಬಿದ್ದರೆ ಬಿದ್ದೇ ಹೋಗುತ್ತದೆ, ಹಿಟ್ಟು ಹಾಗೆ ಬಿಡುವುದಿಲ್ಲ.

ಅಂದಿನಿಂದ ದಿನಕ್ಕೆ ಎರಡು ಹೊತ್ತು ಹಿಟ್ಟು ನಾದಿದೆ. ಮೊದಲ ವಾರ ಕೈ ಬರೀ ಬಿದ್ದುಕೊಂಡಿರುತ್ತಿತ್ತು. ಎರಡನೇ ವಾರ ಮೊಣಕೈಯಿಂದ ಎತ್ತಿ ಧಪ್ ಎಂದು ಹಾಕತೊಡಗಿತು. ಬೆರಳು ಮಾತ್ರ ಮುಚ್ಚಿಕೊಂಡೇ ಇದ್ದವು. ಸೆಕೆಗೆ ಮೂವರೂ ಬೆವರುತ್ತಿದ್ದೆವು. ಹತ್ತು ಬಡಿತಕ್ಕೊಮ್ಮೆ ಚಮಚ ನೀರು. ಅದನ್ನು ನಾನು ಸುನಂದಾಳ ಕಣ್ಣೆದುರಿಗೇ ಕುಡಿಸುತ್ತಿದ್ದೆ. ಅವಳು ನೋಡದ ಹಾಗೆ ನೋಡುತ್ತಿದ್ದಳು. ಒಂದು ದಿನ ಕೆಳಗಿನಿಂದ ಜೈತೂನ್‌ಬಿ ಕೂಗಿದಳು.

"ಏ ಮಾ! ಮಂದಿ ಮೂರು, ಮೂರು ಹೊತ್ತೂ ಧಪಾ ಧಪಾ! ಏನು, ಫೌಜಿಗೆ ರೊಟ್ಟಿ ಕಳಸ್ತೀರೇನು?"

ಒಳಗಿನಿಂದ ಸುನಂದಾ ಫಕ್ಕನೆ ನಕ್ಕಳು. ದವಾಖಾನೆಯಿಂದ ಬಂದ ಮೇಲೆ ಅದೇ ಮೊದಲು.

ಮಾವು ಮುಗಿಯುವ ಹೊತ್ತಿಗೆ ಬೆರಳು ಬಿಚ್ಚಿದವು. ಮೊದಲು ಹೆಬ್ಬೆರಳು, ಆಮೇಲೆ ಎಲ್ಲವೂ ಒಟ್ಟಿಗೆ. ಹಿಟ್ಟಿನಲ್ಲಿ ಐದೂ ಬೆರಳಿನ ಗುರುತು ಬಿದ್ದ ದಿನ ನಾನು ಆ ರೊಟ್ಟಿಯನ್ನು ಹಾಗೇ ಹಂಚಿಗೆ ಹಾಕಿ ಬೇಯಿಸಿದೆ. ದಪ್ಪ, ಓರೆ, ನಡುವೆ ಹಸಿ. ಮಲ್ಲಣ್ಣ ತಾಟಿನಲ್ಲಿ ಇಟ್ಟುಕೊಂಡು, "ಇದನ್ನ ಯಾರು ಮಾಡ್ಯಾರ?" ಎಂದ.

"ನಿನ್ನ ಮಗಳು" ಎಂದೆ. ಅವನು ಹಸಿಯಾದದ್ದನ್ನೂ ಬಿಡದೆ ತಿಂದ.

ಮಳೆ ಹಿಡಿದ ಮೇಲೆ ಮತ್ತೆ ದವಾಖಾನೆಗೆ ಹೋದೆವು. ಆ ಸಲ ನಾನೂ ಒಳಗೆ ಹೋದೆ. ಡಾಕ್ಟರಮ್ಮ ತಮ್ಮ ಪೆನ್ನು ಮುಂದೆ ಹಿಡಿದರು. ಗೌರಿ ಬಲಗೈ ಚಾಚಿ ಕಸಿದುಕೊಂಡು ಬಾಯಿಗಿಟ್ಟಳು. ಹೊಸ ಫೋಟೋ ನೋಡಿ ಅವರು ಹೇಳಿದ್ದನ್ನು ಮಲ್ಲಣ್ಣ ತಿಳಿಸಿದ. ಪೈಪು ಸಣ್ಣದೇ ಇದೆ, ಸಣ್ಣದೇ ಇರುತ್ತದೆ. ಪಕ್ಕದಲ್ಲಿ ಸಣ್ಣ ಸಣ್ಣ ನಾಳಗಳು ತಾವೇ ದಾರಿ ಮಾಡಿಕೊಳ್ಳುತ್ತಿವೆ. ಜ್ವರ ಬಂದರೆ, ಭೇದಿಯಾದರೆ, ವಾಂತಿಯಾದರೆ ನೀರು ಬಿಡಬೇಡಿ, ಕೂಡಲೇ ಕರೆತನ್ನಿ. ಹೆದರಿಕೆ ಹೋಗಲಿಲ್ಲ, ಹಿಡಿತಕ್ಕೆ ಬಂತು. ಈಗ ಗೌರಿ ಒಂದನೇ ತರಗತಿ. ಕೆನ್ನೆಯ ಮೇಲೆ ತೆಳು ಗುಲಾಬಿ ನೆರಳಿದೆ. ಬಲಗೈಯಲ್ಲಿ ಬರೆಯುತ್ತಾಳೆ, ಅಕ್ಷರ ನನ್ನದಕ್ಕಿಂತ ದುಂಡಗಿದೆ. ವರ್ಷಕ್ಕೊಮ್ಮೆ ಫೋಟೋ ಇದ್ದೇ ಇದೆ.

ಅಂದು ದವಾಖಾನೆಯಿಂದ ಮರಳಿ ಬರುವಾಗ ಮಲ್ಲಣ್ಣ ಕೆಲಸಕ್ಕೆಂದು ನಡುವೆ ಇಳಿದುಹೋದ. ಮೆಟ್ರೊದಲ್ಲಿ ನಾವಿಬ್ಬರೇ, ಕೂಸು ಅವಳ ಭುಜದ ಮೇಲೆ ನಿದ್ದೆಯಲ್ಲಿತ್ತು. ಹೇಳಿ ಕಳಿಸಲು ವಕೀಲ ಇಲ್ಲದ್ದಕ್ಕೋ ಏನೋ, ಸುನಂದಾ ನೇರ ನನ್ನ ಕಡೆ ತಿರುಗಿದಳು.

"ಅತ್ತಿ, ಅಂಗಡಿ ಮಾಲಕರು ಫೋನ್ ಮಾಡಿದ್ರು. ನಾಳಿಂದ ಬಾ ಅಂದಾರ. ಹೋಗತೀನಿ."

"ಗೌರಿ?"

"ನೀವು ಅದೀರಲ್ಲ."

"ನಿನಗ ಹೆದರಿಕಿ ಇಲ್ಲೇನು?"

ಅವಳು ಕೂಸಿನ ಬಲಗೈಯನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡಳು. "ಐತ್ರಿ. ಆದ್ರ ನೀವು ತಪ್ಪು ಮಾಡಿದ್ರ ಹೇಳತೀರಿ. ಪಗಾರಕ್ಕ ಬಂದ ಕೆಲಸದಾಕಿ ಹೇಳಂಗಿಲ್ಲ."

ಹೊಗಳಿದಳೋ ಬೈದಳೋ ನನಗೆ ಇಂದಿಗೂ ತಿಳಿದಿಲ್ಲ. ಎರಡೂ ಇರಬಹುದು. ಹೂಂ ಎನ್ನಲು ಬಾಯಿ ಬರಲಿಲ್ಲ. ಹಿಂದೆ ಒಂದು ಹೂಂ ಎಂದಾಗಿತ್ತು.

ಮರುದಿನ ಮುಂಜಾನೆ ಸುನಂದಾ ಮೆಟ್ಟಿಲಿಳಿದು ತಿರುವಿನಲ್ಲಿ ಕಾಣದಾದ ಮೇಲೆ, ನಾನು ಕೂಸನ್ನು ಎತ್ತಿಕೊಂಡು ಕೆಳಗೆ ಹೋಗಿ ಜೈತೂನ್‌ಬಿಯ ಬಾಗಿಲು ತಟ್ಟಿದೆ.

"ಮ್ಯಾಲ ಬಾ. ಸಂಜಿ ತನಕ ನಮ್ಮ ಮನ್ಯಾಗ ಕೂಡು."

"ಕ್ಯೂಂ? ಏನಾತು?"

"ಏನೂ ಆಗಿಲ್ಲ. ನನ್ನ ಮ್ಯಾಲ ಕಣ್ಣಿಡಾಕ ಒಬ್ಬರು ಬೇಕು."

"ಹುಚ್ಚಿ ಅದೀ ಏನು? ಕಳ್ಳನ್ನ ಕಾಯೋರು ಇರತಾರ, ಮುದುಕಿನ್ನ ಕಾಯೋರು ಯಾರದಾರ?" ಎಂದು ಗೊಣಗುತ್ತಲೇ ಒಲೆ ಆರಿಸಿ, ಎಲೆ ಅಡಿಕೆಯ ಚೀಲ ಹಿಡಿದು ನನ್ನ ಹಿಂದೆ ಬಂದಳು. ಹೊಸ್ತಿಲಿನ ಒಳಗೆ, ಗೋಡೆಗೆ ಆತು ಕುಳಿತಳು. ನಾನು ಅವಳ ಎದುರಿಗೆ ಕುಳಿತು ಕೂಸಿಗೆ ಹಾಲು ಕುಡಿಸಿದೆ, ಪೂರಾ. ಆಮೇಲೆ ಔಷಧ ಬಿಟ್ಟೆ. ಆಮೇಲೆ ನೀರು.

"ಯಾವುದು ಮೊದಲು ಕೊಟ್ಟೆ?" ಎಂದು ಕೇಳಿದೆ.

"ಹಾಲು."

"ಕಣ್ಣಾರೆ ಕಂಡಿಯಿಲ್ಲೋ?"

"ಕಂಡೆ ಮಾ, ಕಂಡೆ."

"ಹಂಗಾದ್ರ ನಾಳೆನೂ ಬಾ" ಎಂದೆ.